ಕೋರಲ್‌ಗೆ ಊಟ ಹಾಕೋದು ಹೇಗೆ? ಮೊದಲು ಪಂಪ್ ಆಫ್ ಮಾಡಿ

ಮನೇಲಿ ರೀಫ್ ಟ್ಯಾಂಕ್, ಅಂದ್ರೆ ಜೀವಂತ ಕೋರಲ್ (ಹವಳ) ಸಾಕೋ ಉಪ್ಪು ನೀರಿನ ಅಕ್ವೇರಿಯಂ, ಇಟ್ಟಿರೋರಲ್ಲಿ ಎರಡು ಪಂಗಡ. ಒಂದು ಪಂಗಡದವರು ಲೈಟ್ ಇದ್ರೆ ಸಾಕು, ಕೋರಲ್‌ಗೆ ಊಟ ಯಾಕೆ ಅಂತಾರೆ. ಇನ್ನೊಂದು ಪಂಗಡದವರು ಅಂಗಡಿಗೆ ಹೋದಾಗೆಲ್ಲ ಒಂದು ಹೊಸ ಬಾಟ್ಲಿ ತಂದು ಟ್ಯಾಂಕಿಗೆ ಸುರೀತಾರೆ, ಆಮೇಲೆ ಕಲ್ಲಿನ ಮೇಲೆಲ್ಲ ಹಸಿರು ಪಾಚಿ ಹಬ್ಬಿದಾಗ ಲೈಟ್ ಸರಿ ಇಲ್ಲ ಅಂತ ಬೈತಾರೆ. ಇಲ್ಲಿ ಡಲ್ಲಾಸ್ ಕಡೆ ಈ ಹುಚ್ಚು ಹತ್ತಿರೋ ನಮ್ಮ ಕನ್ನಡದವರ ಮನೆಗಳಲ್ಲಿ ನಾನು ನೋಡೋದು ಒಂದೇ ಸೀನ್. ಪಂಪ್‌ಗಳು ಫುಲ್ ಸ್ಪೀಡಲ್ಲಿ ಓಡ್ತಿರ್ತವೆ, ಯಜಮಾನರು ಬೇಸ್ಟರ್ (ರಬ್ಬರ್ ಬುಂಡೆ ಇರೋ ಕೊಳವೆ) ಹಿಡ್ಕೊಂಡು ಹೋಳಿ ಪಿಚಕಾರಿ ಹೊಡ್ದಂಗೆ ಕೋರಲ್ ಮುಖಕ್ಕೇ ಊಟ ಹೊಡೀತಾರೆ, ಅದು ಬೆದರಿ ಮುದುಡ್ಕೊಳತ್ತೆ, ಹಾಕಿದ್ದೆಲ್ಲ ಮೀನಿನ ಹೊಟ್ಟೆಗೋ ಕೆಳಗಿನ ಸಂಪ್‌ಗೋ (ನೀರು ಶೋಧಿಸೋ ತೊಟ್ಟಿ) ಸೇರತ್ತೆ. ಇದನ್ನ ನೋಡೀ ನೋಡೀ ಸಾಕಾಗಿ ಇದು ಬರೀತಿದೀನಿ.

ಶುರು ಮಾಡೋ ಮುಂಚೆ ಒಂದು ಮಾತು. ಊರಲ್ಲೇ ಕೂತು ಇದನ್ನ ಓದಿ ನಾನೂ ಕೋರಲ್ ಇಡ್ತೀನಿ ಅಂತ ಹೊರಡೋರು ಸ್ವಲ್ಪ ನಿಲ್ಲಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ 2001ರಲ್ಲಿ ಗಟ್ಟಿ ಹವಳಗಳನ್ನೆಲ್ಲ ಸೇರಿಸಿದಾರೆ. ಅಂದ್ರೆ ಕಾನೂನಿನ ಕಣ್ಣಲ್ಲಿ ಹುಲಿ ಇರೋ ಪಟ್ಟಿಯಲ್ಲೇ ಇದೂ ಇದೆ. ಮುರುಡೇಶ್ವರದ ಹತ್ರ ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ಸಣ್ಣ ಚೂರು ಜೇಬಿಗೆ ಹಾಕ್ಕೊಂಡ್ರೂ ಅಪರಾಧ. ಅಲ್ಲಿ ನೋಡ್ಕೊಂಡು ಬನ್ನಿ ಅಷ್ಟೇ. ಈ ಲೇಖನ ಇರೋದು ಕಾನೂನು ಬಿಡೋ ಕಡೆ ಇದ್ದು, ಟ್ಯಾಂಕಲ್ಲೇ ಬೆಳೆಸಿದ ಫ್ರ್ಯಾಗ್ (ಕೋರಲ್‌ನ ಸಣ್ಣ ತುಂಡು) ತಗೊಂಡು ಸಾಕ್ತಿರೋರಿಗೆ.

ಸರಿ, ಊಟ ಬೇಕಾ ಬೇಡ್ವಾ? ಬೇಕು, ಆದ್ರೆ ನೀವು ಅಂದ್ಕೊಂಡಷ್ಟು ಬೇಡ. ಕೋರಲ್ ಮೈಯೊಳಗೆ ಝೂಝಾಂತೆಲ್ಲೆ ಅನ್ನೋ ಕಣ್ಣಿಗೆ ಕಾಣದ ಪಾಚಿ ಇರತ್ತೆ, ಅದು ಬೆಳಕಿಂದ ಸಕ್ಕರೆ ಥರದ್ದು ಮಾಡ್ಕೊಂಡು ಅದರಲ್ಲಿ ಬಹುಪಾಲನ್ನ ಕೋರಲ್‌ಗೆ ಕೊಡತ್ತೆ, ಶಕ್ತಿ ಅಲ್ಲಿಂದ ಬರತ್ತೆ. ಆದ್ರೆ ಮೈ ಬೆಳೀಬೇಕಲ್ಲ, ಅದಕ್ಕೆ ನೈಟ್ರೋಜನ್, ಫಾಸ್ಫರಸ್ ಬೇಕು, ಅದರಲ್ಲಿ ಒಳ್ಳೇ ಪಾಲನ್ನ ಬೇಟೆ ಆಡಿ ತಗೊಳತ್ತೆ. ಸಮುದ್ರದಲ್ಲಿ ರಾತ್ರಿ ಆದ್ಮೇಲೆ ಸಣ್ಣ ಸಣ್ಣ ಪ್ರಾಣಿಪ್ಲವಕ ತಳದಿಂದ ಮೇಲೇಳತ್ತೆ, ಆಗ ಕೋರಲ್‌ಗಳು ಟೆಂಟಕಲ್ (ಬಾಯಿ ಸುತ್ತ ಇರೋ ಕೈ ಥರದ ಎಳೆ) ಚಾಚಿ ಕಾದಿರ್ತವೆ. ಹವಾಯಿಯ ಮಾಂಟಿಪೋರಾ ಕ್ಯಾಪಿಟಾಟಾ ಅನ್ನೋ ಜಾತಿ ಮೇಲೆ 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ನೀರು ಬಿಸಿಯಾಗಿ ಬ್ಲೀಚ್ ಆದಾಗ (ಒಳಗಿನ ಪಾಚಿ ಕಳ್ಕೊಂಡು ಬೆಳ್ಳಗಾದಾಗ) ಅದು ಬೇಟೆ ಜಾಸ್ತಿ ಮಾಡಿ ದಿನಕ್ಕೆ ಬೇಕಾದ ಶಕ್ತಿ ಪೂರ್ತಿ ಬಾಯಿಂದಲೇ ತಗೊಳತ್ತೆ ಅಂತ ಗೊತ್ತಾಯ್ತು, ಅದೇ ಅಧ್ಯಯನದಲ್ಲಿದ್ದ ಪೊರೈಟಿಸ್ ಅನ್ನೋ ಕೋರಲ್‌ಗೆ ಆ ತಾಕತ್ತು ಕಾಣಲಿಲ್ಲ. ಹಾಗಾಗಿ ಎಲ್ಲಾ ಕೋರಲ್‌ಗೂ ಒಂದೇ ನಿಯಮ ಅನ್ನೋದು ಸುಳ್ಳು.

ಹಂತ 1: ನಿಮ್ಮ ಹತ್ರ ಯಾವುದಿದೆ ನೋಡಿ

ಅಕಾನ್, ಸ್ಕೋಲಿ, ಟ್ರೇಕಿ, ಡಂಕನ್, ಕ್ಯಾಂಡಿ ಕೇನ್ ಥರದ ದಪ್ಪ ಬಾಯಿಯ ಎಲ್‌ಪಿಎಸ್‌ಗೆ (ದೊಡ್ಡ ಪಾಲಿಪ್‌ನ ಗಟ್ಟಿ ಕೋರಲ್; ಪಾಲಿಪ್ ಅಂದ್ರೆ ಬಾಯಿ, ಟೆಂಟಕಲ್ ಇರೋ ಒಂದೊಂದು ಪುಟ್ಟ ಜೀವಿ) ವಾರಕ್ಕೆ ಒಂದು ಸಲ, ಹೆಚ್ಚಂದ್ರೆ ಎರಡು ಸಲ. ಟಾರ್ಚ್, ಹ್ಯಾಮರ್ ಅನ್ನೋ ಉದ್ದ ಟೆಂಟಕಲ್‌ನ ಕೋರಲ್‌ಗಳಿಗೆ ವಾರಕ್ಕೊಂದು ಸಲ ಧಾರಾಳ. ಅಕ್ರೋಪೋರಾ, ಮಾಂಟಿಪೋರಾ ಥರದ ಎಸ್‌ಪಿಎಸ್‌ಗೆ (ಸಣ್ಣ ಪಾಲಿಪ್‌ನ ಗಟ್ಟಿ ಕೋರಲ್) ನೀವು ಮೀನಿಗೆ ಹಾಕೋ ಊಟ, ಆಮೇಲೆ ಆ ಮೀನಿನ ಹಿಕ್ಕೆ, ಅದೇ ಊಟ. ಝೀನಿಯಾ ಅನ್ನೋ ಮೆತ್ತನೆ ಕೋರಲ್‌ಗೆ ಏನೂ ಕೊಡ್ಬೇಡಿ, ಅದು ಹೇಗಿದ್ರೂ ಬೆಳೆದು ನಿಮ್ಮನ್ನೇ ಮನೆಯಿಂದ ಓಡಿಸತ್ತೆ.

ಹಂತ 2: ಊಟ ಆರಿಸ್ಕೊಳ್ಳೋದು

ಫ್ರೋಜನ್ ಮೈಸಿಸ್ (ಸೀಗಡಿ ಥರದ ಪುಟ್ಟ ಜೀವಿ, ಕ್ಯೂಬ್ ಆಗಿ ಸಿಗತ್ತೆ) ತಗೊಳಿ. ಮುಗೀತು. ಯಾರು ಏನೇ ಹೇಳ್ಲಿ ನನ್ನ ಪ್ರಕಾರ ಎಲ್‌ಪಿಎಸ್‌ಗೆ ಇದಕ್ಕಿಂತ ಒಳ್ಳೇದಿಲ್ಲ. ದೊಡ್ಡ ಬ್ರೈನ್ ಶ್ರಿಂಪ್ (ಉಪ್ಪು ನೀರಿನ ಇನ್ನೊಂದು ಪುಟ್ಟ ಜೀವಿ) ಅಗ್ಗ, ಆದ್ರೆ ಬರೀ ಸಿಪ್ಪೆ ನೀರು, ಸತ್ವ ಕಮ್ಮಿ. ಆಗಷ್ಟೇ ಮೊಟ್ಟೆ ಒಡೆದ ಬ್ರೈನ್ ಶ್ರಿಂಪ್ ಮರಿ ಬೇರೆ ವಿಷಯ, ಹೊಟ್ಟೆಯಲ್ಲಿ ಹಳದಿ ಇನ್ನೂ ಇರತ್ತೆ, ಸಣ್ಣ ಬಾಯಿಯವಕ್ಕೆ ತುಂಬಾ ಒಳ್ಳೇದು, ಆದ್ರೆ ಒಡೆದ ದಿನವೇ ಹಾಕ್ಬೇಕು, ನಾಳೆಗೆ ಇಟ್ರೆ ಆ ಸತ್ವ ಅವೇ ಖರ್ಚು ಮಾಡ್ಕೊಂಡಿರ್ತವೆ. ರೀಫ್ ರಾಯ್ಡ್ಸ್ ಥರದ ಪುಡಿಗಳು ಝೋವಾ, ಗೋನಿಯೋಪೋರಾ ಥರದ ಸಣ್ಣ ಬಾಯಿಯವಕ್ಕೆ ಪರವಾಗಿಲ್ಲ, ಚಿಟಿಕೆ ಲೆಕ್ಕದಲ್ಲಿ ಮಾತ್ರ, ಚಮಚ ಲೆಕ್ಕದಲ್ಲಿ ಅಲ್ಲ.

ಇನ್ನು ಶೆಲ್ಫ್ ಮೇಲೆ ತಿಂಗಳುಗಟ್ಟಲೆ ಫ್ರಿಜ್ ಇಲ್ದೆ ಕೂತಿರೋ ಹಸಿರು ಬಾಟ್ಲಿಗಳು, ಮೇಲೆ ಸುಂದರವಾದ ಕೋರಲ್ ಫೋಟೋ, ಒಳಗೆ ಸತ್ತ ಫೈಟೋಪ್ಲಾಂಕ್ಟನ್ (ನೀರಲ್ಲಿ ತೇಲೋ ಸೂಕ್ಷ್ಮ ಪಾಚಿ) ಕಷಾಯ, ಅವನ್ನ ಮುಟ್ಟಬೇಡಿ. ನಮ್ಮ ಟ್ಯಾಂಕಲ್ಲಿರೋ ಬಹುತೇಕ ಗಟ್ಟಿ ಕೋರಲ್‌ಗಳು ಮಾಂಸಾಹಾರಿಗಳು, ಸೊಪ್ಪಿನ ಸಾರು ಕೇಳಲ್ಲ. ದುಡ್ಡು ಕೊಟ್ಟು ಫಾಸ್ಫೇಟ್ ತಂದ ಹಾಗೆ ಅಷ್ಟೇ.

ಹಂತ 3: ಕರಗಿಸೋದು

ಕ್ಯೂಬನ್ನ ಒಂದು ಲೋಟ ಆರ್‌ಓ ನೀರಲ್ಲಿ ಕರಗಿಸಿ, ಸಣ್ಣ ಬಲೆಯಲ್ಲಿ ಸೋಸಿ, ಆಮೇಲೆ ಟ್ಯಾಂಕ್ ನೀರಲ್ಲಿ ಹಾಕಿಡಿ. ಮೈಕ್ರೋವೇವ್ ಬೇಡ. ಸೋಸಿದ ರಸದಲ್ಲಿ ಎರಡು ಚಮಚ ಮಾತ್ರ ಎತ್ತಿಟ್ಕೊಳಿ, ಅದಕ್ಕೆ ಕೆಲಸ ಇದೆ, ಉಳಿದದ್ದು ಸಿಂಕಿಗೆ.

ಹಂತ 4: ಇಲ್ಲೇ ಎಲ್ಲರೂ ಎಡವೋದು

ಲೈಟ್ ಡಿಮ್ ಆಗಿ ನೀಲಿಗೆ ತಿರುಗೋ ಹೊತ್ತು, ಅಂದ್ರೆ ಸಂಜೆ, ಅದೇ ಒಳ್ಳೆ ಟೈಮು. ಮೊದಲು ಮೀನಿಗೆ ಹೊಟ್ಟೆ ತುಂಬಾ ಹಾಕ್ಬಿಡಿ. ಹಸಿದ ಕ್ಲೌನ್ ಫಿಶ್ ಇದ್ದಾಗ ನೀವು ಕೋರಲ್‌ಗೆ ಊಟ ಹಾಕೋಕೆ ಹೋದ್ರೆ ಅದು ಬೇಸ್ಟರ್ ತುದೀಲೇ ಬಾಯಿಟ್ಕೊಂಡು ನಿಂತಿರತ್ತೆ.

ಆಮೇಲೆ ಎತ್ತಿಟ್ಟ ಆ ಎರಡು ಚಮಚ ರಸ ಟ್ಯಾಂಕಿಗೆ ಬಿಡಿ, ಪಂಪ್ ಇನ್ನೂ ಓಡ್ತಿರ್ಲಿ, ವಾಸನೆ ಎಲ್ಲಾ ಕಡೆ ಹರಡ್ಲಿ. ಐದರಿಂದ ಹತ್ತು ನಿಮಿಷ ಸುಮ್ನೆ ಕೂತ್ಕೊಳಿ. ಅಕಾನ್ ನೋಡ್ತಾ ಇರಿ. ಹಗಲೆಲ್ಲ ದಪ್ಪಗೆ ಊದಿ ಕೂತಿದ್ದ ಪಾಲಿಪ್ ಸ್ವಲ್ಪ ಸ್ವಲ್ಪ ಇಳಿದು, ಅಂಚಿನ ಸುತ್ತ ಸಣ್ಣ ಪಾರದರ್ಶಕ ಟೆಂಟಕಲ್‌ಗಳು ಒಂದೊಂದಾಗಿ ಹೊರಗೆ ಬರ್ತವೆ, ತುದೀಲಿ ಬಿಳಿ ಚುಕ್ಕಿ, ನಡುವಿನ ಬಾಯಿ ಸೀಳು ಸ್ವಲ್ಪ ಬಿರಿಯತ್ತೆ. ಇದು ಕಾಣೋವರೆಗೂ ಊಟ ಹಾಕ್ಬೇಡಿ. ಮುಚ್ಚಿರೋ ಕೋರಲ್ ಮೇಲೆ ಮೈಸಿಸ್ ಇಟ್ರೆ ಅದು ಅಲ್ಲೇ ಕೊಳೆಯತ್ತೆ, ನೀವು ಮಾತ್ರ ಊಟ ಹಾಕ್ದೆ ಅಂತ ಖುಷಿಯಾಗಿ ಹೋಗಿ ಮಲಗಿರ್ತೀರ.

ಈಗ ಪಂಪ್ ಆಫ್. ವೇವ್‌ಮೇಕರ್ (ಟ್ಯಾಂಕೊಳಗೆ ಅಲೆ ಎಬ್ಬಿಸೋದು), ರಿಟರ್ನ್ ಪಂಪ್ (ಸಂಪ್‌ನಿಂದ ನೀರು ಮೇಲೆತ್ತೋದು) ಎರಡೂ. ರಿಟರ್ನ್ ನಿಂತಾಗ ಮೇಲಿನ ನೀರು ಇಳಿದು ಸಂಪ್ ಮಟ್ಟ ಏರತ್ತೆ, ಆಗ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯೋ ಯಂತ್ರ) ಓಡ್ತಾ ಇದ್ರೆ ಉಕ್ಕಿ ಅದರ ಕಪ್ಪಿನ ಕೊಳೆಯೆಲ್ಲ ವಾಪಸ್ ನೀರಿಗೇ, ಹಾಗಾಗಿ ಅದನ್ನೂ ಆಫ್ ಮಾಡಿ. ಕಂಟ್ರೋಲರ್‌ನಲ್ಲಿ ಫೀಡ್ ಮೋಡ್ ಇದ್ರೆ ಅರ್ಧ ಗಂಟೆಗೆ ಸೆಟ್ ಮಾಡಿ, ಅದು ತಾನಾಗೇ ಆನ್ ಆಗತ್ತೆ. ಇಲ್ಲಾಂದ್ರೆ ಫೋನಲ್ಲಿ ಅಲಾರಂ ಕಡ್ಡಾಯ, ನೆನಪಿರತ್ತೆ ಅಂತ ನಂಬ್ಕೊಂಡು ಕ್ರಿಕೆಟ್ ನೋಡೋಕೆ ಕೂತು ರಾತ್ರಿಯೆಲ್ಲ ನೀರು ನಿಂತು ಆಕ್ಸಿಜನ್ ಇಲ್ದೆ ಮೀನು ಸತ್ತ ಮನೆಗಳು ಗೊತ್ತು.

ನೀರು ಪೂರ್ತಿ ನಿಲ್ಲೋಕೆ ಒಂದೆರಡು ನಿಮಿಷ ಬಿಡಿ. ಬೇಸ್ಟರಿಗೆ ನಾಕೈದು ಮೈಸಿಸ್ ಮಾತ್ರ ಎಳ್ಕೊಳಿ, ಒಳಗಿನ ಗಾಳಿ ಗುಳ್ಳೆ ಟ್ಯಾಂಕಿಗೆ ಹಾಕೋ ಮುಂಚೆನೇ ಹೊರಗೆ ತೆಗೀರಿ. ತುದಿ ಕೋರಲ್‌ನಿಂದ ಒಂದು ಇಂಚು ಮೇಲೆ ಇರ್ಲಿ, ಮುಟ್ಟಬಾರ್ದು. ರಬ್ಬರ್ ಬುಂಡೆ ಒತ್ತಬೇಡಿ, ಇದು ಯಾರೂ ಕೇಳಲ್ಲ. ಬೆರಳು ಸ್ವಲ್ಪ ಸಡಿಲ ಮಾಡಿದ್ರೆ ಮೈಸಿಸ್ ತನ್ನ ತೂಕಕ್ಕೆ ತಾನೇ ಜಾರಿ ತೇಲ್ತಾ ಬೀಳತ್ತೆ, ಬೀಳ್ಲಿ. ಟೆಂಟಕಲ್‌ಗೆ ತಾಗಿದ ತಕ್ಷಣ ಅಂಟ್ಕೊಳತ್ತೆ, ಅಲ್ಲಿರೋ ಕುಟುಕು ಕಣಗಳ ಕೆಲಸ ಅದು. ಒಂದು ಬಾಯಿಗೆ ಎರಡು ಮೈಸಿಸ್ ಸಾಕು. ದೊಡ್ಡ ಸ್ಕೋಲಿ ಆದ್ರೆ ನಾಕು. ಬೇಸ್ಟರ್ ದಪ್ಪ ಅನ್ಸಿದ್ರೆ ಉದ್ದನೆ ಪ್ಲಾಸ್ಟಿಕ್ ಪೈಪೆಟ್ ತಗೊಳಿ, ನನಗಂತೂ ಅದೇ ಇಷ್ಟ, ಕೋರಲ್ ಫೀಡರ್ ಅಂತ ಹೆಸರಿಟ್ಟು ಮೂರು ಪಟ್ಟು ರೇಟಿಗೆ ಮಾರೋದೂ ಅದೇ ಪೈಪೆಟ್ಟೇ.

ತುಂಡಿನ ಸೈಜ್ ಬಾಯಿಗಿಂತ ಸಣ್ಣದಿರ್ಲಿ. ಪ್ರೀತಿ ಜಾಸ್ತಿಯಾಗಿ ಇಡೀ ಸಿಲ್ವರ್‌ಸೈಡ್ ಮೀನು ಕೊಡೋರಿದಾರೆ, ಕೋರಲ್ ಆಸೆಯಿಂದ ನುಂಗತ್ತೆ, ಫೋಟೋಗೂ ಚೆನ್ನಾಗಿರತ್ತೆ, ಮಾರನೇ ದಿನ ಅರ್ಧ ಕೊಳೆತದ್ದನ್ನ ಕಂದು ಲೋಳೆ ಜೊತೆ ಕಕ್ಕತ್ತೆ. ಬೆಳಿಗ್ಗೆ ಪಕ್ಕದಲ್ಲಿ ಅಂಥದ್ದೇನಾದ್ರೂ ಬಿದ್ದಿದ್ರೆ ತುಂಡು ದೊಡ್ಡದಾಯ್ತು ಅಂತ ಅರ್ಥ, ಮುಂದಿನ ಸಲ ಬ್ಲೇಡಲ್ಲಿ ಹೆಚ್ಚಿ ಹಾಕಿ.

ಹಾಕಿ ಆದ್ಮೇಲೆ ಎದ್ದು ಹೋಗ್ಬೇಡಿ. ಕಳ್ಳರು ಬರೋ ಟೈಮೇ ಇದು. ಪೆಪ್ಪರ್‌ಮಿಂಟ್ ಶ್ರಿಂಪ್, ಕ್ಲೀನರ್ ಶ್ರಿಂಪ್ ಇವೆರಡೂ ಕೋರಲ್ ಮೇಲೆ ಹತ್ತಿ, ಅರ್ಧ ನುಂಗಿದ ಊಟವನ್ನ ಬಾಯೊಳಗೆ ಕಾಲು ಹಾಕಿ ಎಳ್ಕೊಂಡು ಹೋಗ್ತವೆ, ಆ ಎಳೆದಾಟಕ್ಕೆ ಕೋರಲ್ ಮಾಂಸ ಹರಿದದ್ದೂ ಉಂಟು. ಇದಕ್ಕೆ ಕಾಸಿಲ್ಲದ ಉಪಾಯ ಇದೆ. ಎರಡು ಲೀಟರ್ ಸೋಡಾ ಬಾಟ್ಲಿಯ ಮೇಲಿನ ಅರ್ಧ ಕತ್ತರಿಸಿ, ಚೆನ್ನಾಗಿ ತೊಳೆದು, ಮುಚ್ಚಳ ತೆಗೆದು ಕೋರಲ್ ಮೇಲೆ ಟೋಪಿ ಹಾಗೆ ಕವುಚಿ, ಬಾಟ್ಲಿ ಬಾಯಿಂದ ಪೈಪೆಟ್ ಇಳಿಸಿ ಊಟ ಬಿಡಿ, ಇಪ್ಪತ್ತು ನಿಮಿಷ ಹಾಗೇ ಇರ್ಲಿ. ಅಷ್ಟರಲ್ಲಿ ಅಕಾನ್ ಬಾಯಿ ಮುಚ್ಚಿರತ್ತೆ. ಟಾರ್ಚ್‌ಗೆ ಇದು ಬೇಡ, ಅದು ಉದ್ದ ಕೈಯಲ್ಲಿ ಹಿಡ್ದು ಬಾಯಿಗೆ ತಾನೇ ತಗೊಂಡು ಹೋಗತ್ತೆ.

ಎಲ್ಲಾ ಬಾಯಿ ಮುಚ್ಚಿದ ಮೇಲೆ ವೇವ್‌ಮೇಕರ್ ಕಮ್ಮಿ ಸ್ಪೀಡಲ್ಲಿ, ಆಮೇಲೆ ರಿಟರ್ನ್, ಸ್ಕಿಮ್ಮರ್ ಕೊನೇಗೆ. ಕಲ್ಲಿನ ಸಂದೀಲಿ ಬಿದ್ದಿರೋದನ್ನ ಅದೇ ಬೇಸ್ಟರಲ್ಲಿ ಎಳೆದು ಹೊರಗೆ ಹಾಕಿ.

ಸನ್ ಕೋರಲ್ ಕಥೆ ಬೇರೆ

ಕಿತ್ತಳೆ ಬಣ್ಣ ನೋಡಿ ಮರುಳಾಗಿ ತರೋರಿಗೆ ಅಂಗಡಿಯವರು ಹೇಳದ ವಿಷಯ ಒಂದಿದೆ, ಇದರ ಮೈಯಲ್ಲಿ ಆ ಝೂಝಾಂತೆಲ್ಲೆ ಪಾಚಿ ಇಲ್ಲ. ಲೈಟ್‌ನಿಂದ ನಯಾಪೈಸೆ ಪ್ರಯೋಜನ ಇಲ್ಲ, ತಿಂದಷ್ಟೇ ಬದುಕು. ವಾರಕ್ಕೆ ಮೂರ್ನಾಕು ಸಲ, ಪ್ರತಿ ಪಾಲಿಪ್‌ಗೂ ಬೇರೆ ಬೇರೆ ಕೊಡ್ಬೇಕು, ಇಪ್ಪತ್ತು ಬಾಯಿ ಇದ್ರೆ ಇಪ್ಪತ್ತಕ್ಕೂ. ಒಂದೇ ಟೈಮಿಗೆ ಕೊಡ್ತಾ ಹೋದ್ರೆ ಆ ಹೊತ್ತಿಗೆ ತಾನೇ ಅರಳಿ ಕಾಯೋದು ಕಲಿಯತ್ತೆ. ಬ್ರೆಜಿಲ್ ಕರಾವಳೀಲಿ ಇದೇ ಟ್ಯೂಬಾಸ್ಟ್ರಿಯಾ (ಸನ್ ಕೋರಲ್‌ನ ವೈಜ್ಞಾನಿಕ ಹೆಸರು) ಬೇಡ ಬೇಡ ಅಂದ್ರೂ ಹಬ್ಬಿ ಪೀಡೆ ಆಗಿದೆ, ಮನೆ ಟ್ಯಾಂಕಲ್ಲಿ ಮಾತ್ರ ಉಪವಾಸದಲ್ಲಿ ಸಾಯತ್ತೆ. ಆಫೀಸು, ಮಕ್ಕಳ ಕ್ಲಾಸು ಅಂತ ಓಡಾಡೋರು ತರ್ಲೇಬೇಡಿ.

ಹಂತ 5: ಮಾರನೇ ದಿನ ಟೆಸ್ಟ್

ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಒಳಗೆ ಇದ್ರೆ ಹೀಗೇ ಮುಂದುವರಿಸಿ. ಏರ್ತಾ ಇದ್ರೆ ಊಟ ಕಮ್ಮಿ ಮಾಡಿ, ಫಾಸ್ಫೇಟ್ ರಿಮೂವರ್ ತರೋಕೆ ಓಡ್ಬೇಡಿ, ಒಂದು ಕೈಯಲ್ಲಿ ಹಾಕಿ ಇನ್ನೊಂದು ಕೈಯಲ್ಲಿ ತೆಗೆಯೋ ಕೆಲಸ ಯಾಕೆ. ಎರಡೂ ಸೊನ್ನೆ ತೋರಿಸ್ತಿದ್ರೆ ಅದೂ ಒಳ್ಳೇದಲ್ಲ, ಕೋರಲ್ ಬಣ್ಣ ಪೇಲವ ಆಗತ್ತೆ, ಡೈನೋಫ್ಲಾಜೆಲೇಟ್ ಅನ್ನೋ ಕಂದು ಲೋಳೆ ಬಂದ್ರೆ ಅದನ್ನ ಓಡಿಸೋದು ಪಾಚಿಗಿಂತ ಕಷ್ಟ. ಆಗ ಮೀನಿಗೆ ಇನ್ನೊಂದು ಹೊತ್ತು ಊಟ ಜಾಸ್ತಿ ಮಾಡಿ ಸಾಕು.

ಊರಿಗೆ ಹೋಗೋವಾಗ

ಡಿಸೆಂಬರಲ್ಲಿ ಒಂದು ತಿಂಗಳು ಬೆಂಗಳೂರಿಗೆ ಹೊರಡೋರು ಪಕ್ಕದ ಮನೆಯವರಿಗೆ ಕೋರಲ್ ಊಟದ ಪಾಠ ಮಾಡೋಕೆ ಹೋಗ್ಬೇಡಿ. ಲೈಟು, ಹರಿವು ಸರಿ ಇದ್ರೆ ಎಲ್‌ಪಿಎಸ್, ಎಸ್‌ಪಿಎಸ್ ಎರಡೂ ಒಂದು ತಿಂಗಳು ಮೀನಿನ ಊಟದ ಚೂರಲ್ಲೇ ಆರಾಮಾಗಿ ಇರ್ತವೆ. ಮೀನಿಗೆ ಆಟೋ ಫೀಡರ್ ಹಾಕಿ, ಮೈಸಿಸ್ ಪ್ಯಾಕೆಟ್ಟನ್ನ ಫ್ರೀಜರ್ ತಳದಲ್ಲಿ ಬಟಾಣಿ ಕೆಳಗೆ ಬಚ್ಚಿಟ್ಟು ಹೋಗಿ, ಕೈಗೆ ಸಿಕ್ರೆ ಪಾಪ ಅಂತ ಯಾರಾದ್ರೂ ಇಡೀ ಪ್ಯಾಕೆಟ್ ಹಾಕ್ತಾರೆ. ಸನ್ ಕೋರಲ್ ಇದ್ರೆ ಮಾತ್ರ ಅದನ್ನ ಕಲ್ಲು ಸಮೇತ ಕಿತ್ತು, ಟ್ಯಾಂಕ್ ಇರೋ ಇನ್ನೊಬ್ರ ಮನೇಲಿ ಬಿಟ್ಟು ಏರ್‌ಪೋರ್ಟಿಗೆ ಹೊರಡಿ.