ತಿಂಗಳು ತುಂಬುತ್ತಿರುವಾಗ ಸಕ್ಕರೆ ಪರೀಕ್ಷೆ: ಸಿದ್ಧತೆ ಹೇಗೆ, ವರದಿ ಓದುವುದು ಹೇಗೆ?

ಗರ್ಭಾವಸ್ಥೆಯ ಮಧುಮೇಹವನ್ನು ಪತ್ತೆಹಚ್ಚಲು ಸಾಮಾನ್ಯವಾಗಿ ಗೊತ್ತುಮಾಡಿರುವ ಕಾಲ 24ರಿಂದ 28ನೇ ವಾರ. ಅದು ಕಳೆದು 32ನೆಯದೋ 34ನೆಯದೋ ವಾರ ನಡೆಯುತ್ತಿರುವಾಗ ವೈದ್ಯರು ಗ್ಲೂಕೋಸ್ ಕುಡಿದು ರಕ್ತ ಕೊಟ್ಟು ಬರುವಂತೆ ಹೇಳಿದರೆ, ಏನೋ ಕೆಟ್ಟಿರಬೇಕೆಂಬ ಅಂಜಿಕೆ ಒಂದು ಕಡೆ, ಹೆರಿಗೆಗೆ ಇನ್ನೆಷ್ಟು ದಿನ, ಈಗ ತಿಳಿದು ಮಾಡುವುದೇನು ಎಂಬ ಉದಾಸೀನ ಇನ್ನೊಂದು ಕಡೆ. ಅಂಜಿಕೆಗೆ ಪರೀಕ್ಷೆಗೆ ಮುಂಚೆ ಆಧಾರವಿಲ್ಲ, ಉದಾಸೀನಕ್ಕಂತೂ ಯಾವಾಗಲೂ ಇಲ್ಲ. ಕೊನೆಯ ವಾರಗಳಲ್ಲಿ ಸಿಕ್ಕ ಉತ್ತರವೂ ತಾಯಿಯ ಊಟ, ಹೆರಿಗೆಯ ದಿನ ಮತ್ತು ಮಗುವಿನ ಮೊದಲ ದಿನದ ಆರೈಕೆಯನ್ನು ಬದಲಿಸಬಲ್ಲದು. ಆದರೆ ಹೀಗೆ ತಡವಾಗಿ ಮಾಡಿಸುವ ಪರೀಕ್ಷೆಯನ್ನು ಒಂದೇ ಸಲಕ್ಕೆ, ಲೋಪವಿಲ್ಲದೆ ಮುಗಿಸಬೇಕು. ಕೆಟ್ಟರೆ ಮತ್ತೊಮ್ಮೆ ಮಾಡಿಸಲು ಕೈಯಲ್ಲಿ ಹೆಚ್ಚು ದಿನಗಳಿರುವುದಿಲ್ಲ.

ಕಾರಣ ಕೇಳಿ ತಿಳಿದುಕೊಳ್ಳಿ

ಮಗುವಿಗೆ ಪೋಷಣೆ ಒದಗಿಸುವ ಮಾಸು ಹಲವು ಹಾರ್ಮೋನುಗಳನ್ನೂ ಸ್ರವಿಸುತ್ತದೆ. ಇವು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸಿ, ರಕ್ತದಲ್ಲಿ ಗ್ಲೂಕೋಸ್ ಸ್ವಲ್ಪ ಹೆಚ್ಚು ಹೊತ್ತು ಉಳಿದು ಮಗುವಿನತ್ತ ಹರಿಯುವಂತೆ ಮಾಡುತ್ತವೆ. ಮಾಸು ಬೆಳೆದಂತೆ ಈ ಪ್ರತಿರೋಧವೂ ಬಲಿಯುತ್ತದೆ. ಅದಕ್ಕೆ ಸರಿಸಾಟಿಯಾಗಿ ಹೆಚ್ಚು ಇನ್ಸುಲಿನ್ ತಯಾರಿಸಲು ಕೆಲವರ ಮೇದೋಜೀರಕ ಗ್ರಂಥಿಗೆ ಆಗುವುದಿಲ್ಲ. ಅವರಲ್ಲಿ ಸಕ್ಕರೆ ಏರುತ್ತದೆ. 26ನೇ ವಾರದ ವರದಿ ಸರಿಯಿದ್ದು 33ನೇ ವಾರದ್ದು ಮೇಲೆ ಹೋಗುವುದು ಇದರಿಂದಲೇ ಸಾಧ್ಯ. ಇದು ಗರ್ಭಿಣಿ ಸಿಹಿ ತಿಂದದ್ದಕ್ಕೆ ಬಂದ ಶಿಕ್ಷೆಯಲ್ಲ ಎಂಬುದನ್ನು ಮನೆಯ ಹಿರಿಯರೂ ತಿಳಿದಿದ್ದರೆ ಒಳ್ಳೆಯದು.

ತಡವಾಗಿ ಪರೀಕ್ಷೆ ಬರೆದುಕೊಡುವ ಸಂದರ್ಭಗಳು ಹಲವು. ತಪಾಸಣೆಗೆ ಬರುವುದೇ ತಡವಾಗಿರಬಹುದು, ಸಕಾಲದಲ್ಲಿ ಬಂದರೂ ಈ ಪರೀಕ್ಷೆ ತಪ್ಪಿಹೋಗಿರಬಹುದು. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೊಟ್ಟೆಯ ಸುತ್ತಳತೆ ವಾರಕ್ಕೆ ಮೀರಿ ಬೆಳೆದಿರುವುದೋ ಗರ್ಭದ ನೀರು ಹೆಚ್ಚಿರುವುದೋ ಕಂಡಿರಬಹುದು. ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದರೆ ಅದೂ ಕಾರಣವಾಗುತ್ತದೆ. ಆದರೆ ಗರ್ಭಾವಸ್ಥೆಯಲ್ಲಿ ಮೂತ್ರಪಿಂಡಗಳು ಸಾಮಾನ್ಯ ಮಟ್ಟದ ಸಕ್ಕರೆಯನ್ನೂ ಹೊರಬಿಡುವುದುಂಟು, ಆದ್ದರಿಂದ ಮೂತ್ರದ ಪಟ್ಟಿಯ ಬಣ್ಣವೊಂದನ್ನೇ ನೋಡಿ ಮಧುಮೇಹವೆಂದು ತೀರ್ಮಾನಿಸುವುದಿಲ್ಲ. ನಿಮ್ಮ ಕಾರಣ ಯಾವುದೆಂದು ತಿಳಿದಿದ್ದರೆ ವರದಿ ಬಂದಾಗ ಮುಂದಿನ ಮಾತು ಸುಲಭವಾಗುತ್ತದೆ.

ಯಾವ ಪರೀಕ್ಷೆ ಎಂಬುದು ಸ್ಪಷ್ಟವಿರಲಿ

'ಸಕ್ಕರೆ ಪರೀಕ್ಷೆ' ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಿಧಾನಗಳು ಸೇರಿಕೊಂಡಿವೆ, ಅವುಗಳ ಸಿದ್ಧತೆಯೂ ಮಿತಿಗಳೂ ಬೇರೆ. ಹೆಚ್ಚು ಬಳಕೆಯಲ್ಲಿರುವುದು 75 ಗ್ರಾಂ ಗ್ಲೂಕೋಸಿನ ಪರೀಕ್ಷೆ: ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಗ್ಲೂಕೋಸ್ ಕುಡಿದ ಒಂದು ಗಂಟೆಗೆ ಮತ್ತು ಎರಡು ಗಂಟೆಗೆ ಹೀಗೆ ಮೂರು ಬಾರಿ ರಕ್ತ ತೆಗೆಯುತ್ತಾರೆ. ಎರಡು ಹಂತದ ಕ್ರಮ ಅನುಸರಿಸುವ ಕಡೆ, ಮೊದಲು ಊಟದ ಕಟ್ಟುಪಾಡಿಲ್ಲದೆ 50 ಗ್ರಾಂ ಕುಡಿಸಿ ಒಂದು ಗಂಟೆಯ ನಂತರ ರಕ್ತ ನೋಡಿ, ಅದು ಹೆಚ್ಚು ಬಂದವರಿಗೆ ಮಾತ್ರ ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ 100 ಗ್ರಾಂ ಕೊಟ್ಟು ಮೂರು ಗಂಟೆ ಕಾಯಿಸುತ್ತಾರೆ. ಊಟವಾಗಿದ್ದರೂ ಸರಿಯೆಂದು 75 ಗ್ರಾಂ ಕುಡಿಸಿ, ಎರಡು ಗಂಟೆಯ ಒಂದೇ ಮಾದರಿಯಲ್ಲಿ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಹೆಚ್ಚು ಬಂದರೆ ಮಧುಮೇಹವೆಂದು ಹೇಳುವ ಪದ್ಧತಿಯೂ ಇದೆ. 34ನೇ ವಾರ ಸಮೀಪಿಸಿದವರಿಗೆ ಎರಡು ಹಂತಗಳ ನಡುವೆ ವಾರಗಟ್ಟಲೆ ಅಂತರ ಬೀಳಬಾರದು. ಮೊದಲ ಹಂತದ ಫಲಿತಾಂಶ ಎಂದು ಬರುತ್ತದೆ, ಎರಡನೆಯದು ಬೇಕಾದರೆ ಯಾವ ದಿನ ಎಂಬುದನ್ನು ಅದೇ ಭೇಟಿಯಲ್ಲಿ ಕೇಳಿ ಗೊತ್ತುಮಾಡಿಕೊಳ್ಳುವುದು ಲೇಸು.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಂದನ್ನೇ ಮಾಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಗರ್ಭಾವಸ್ಥೆಯಲ್ಲಿ ಕೆಂಪು ರಕ್ತಕಣಗಳು ಬೇಗ ಬೇಗ ಬದಲಾಗುವುದರಿಂದ ಆ ಅಂಕಿ ಇಳಿದು ಕಾಣುತ್ತದೆ, ಕಬ್ಬಿಣದ ಕೊರತೆಯಿದ್ದರೆ ಏರಿ ಕಾಣುತ್ತದೆ. ಕೊನೆಯ ತಿಂಗಳುಗಳಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ.

ಜಠರದ ಗಾತ್ರ ಕುಗ್ಗಿಸುವ ಅಥವಾ ಆಹಾರದ ದಾರಿ ಬದಲಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅದನ್ನು ಮುಂಚಿತವಾಗಿ ಹೇಳಲೇಬೇಕು. ಅಷ್ಟು ಗ್ಲೂಕೋಸ್ ಒಮ್ಮೆಲೇ ಕರುಳಿಗೆ ಇಳಿದರೆ ಅವರಿಗೆ ತಲೆಸುತ್ತು, ಬೆವರು, ಹೊಟ್ಟೆನೋವು ಬರಬಹುದು. ಅಂಥವರಿಗೂ, 36 ವಾರ ದಾಟಿದ ಕೆಲವರಿಗೂ ಈ ಪರೀಕ್ಷೆಯ ಬದಲು ಸುಮಾರು ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರಿನಿಂದ ಬೆಳಿಗ್ಗೆ ಮತ್ತು ಊಟದ ನಂತರ ಸಕ್ಕರೆ ನೋಡಿ ಬರೆದಿಡುವಂತೆ ಹೇಳುವುದುಂಟು.

ದಿನ ಗೊತ್ತುಮಾಡುವಾಗ

ಅವಧಿಗೆ ಮುಂಚೆ ಹೆರಿಗೆಯಾಗುವ ಲಕ್ಷಣವಿದ್ದವರಿಗೆ ಮಗುವಿನ ಶ್ವಾಸಕೋಶ ಬಲಿಯಲೆಂದು ಬೀಟಾಮೆಥಾಸೋನ್ ಅಥವಾ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಾರೆ. ಈ ಸ್ಟೀರಾಯ್ಡುಗಳು ಕೆಲವು ದಿನ ತಾಯಿಯ ಸಕ್ಕರೆಯನ್ನು ಏರಿಸುತ್ತವೆ. ಚುಚ್ಚುಮದ್ದಾದ ಒಂದು ವಾರದೊಳಗೆ ಪರೀಕ್ಷೆ ಮಾಡಿಸಿದರೆ ಅಂಕಿ ಹೆಚ್ಚು ಬಂದು, ಅದು ಔಷಧಿಯದೋ ಕಾಯಿಲೆಯದೋ ತಿಳಿಯದೆ ಗೊಂದಲವಾಗುತ್ತದೆ. ತಡವಾದ ಪರೀಕ್ಷೆಗಳಲ್ಲಿ ಕಣ್ತಪ್ಪಿ ಹೋಗುವ ಸಂಗತಿ ಇದು. ಆಸ್ಪತ್ರೆಯೊಂದರಲ್ಲಿ ಚುಚ್ಚುಮದ್ದು, ಲ್ಯಾಬ್ ಇನ್ನೊಂದರಲ್ಲಿ ಎಂದಾದಾಗ ಇಬ್ಬರಿಗೂ ಪರಸ್ಪರ ಗೊತ್ತಿರುವುದಿಲ್ಲ. ತಾವಾಗಿಯೇ ಹೇಳಿಬಿಡಿ. ಜ್ವರ, ಸೋಂಕು, ವಾಂತಿಭೇದಿ ಇದ್ದಾಗಲೂ ದಿನ ಮುಂದೂಡುವುದು ಸರಿ.

ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಎಂದಿನ ಊಟವನ್ನೇ ಮಾಡಬೇಕು. ವರದಿ ಚೆನ್ನಾಗಿ ಬರಲೆಂದು ಧಾನ್ಯದ ಪದಾರ್ಥಗಳನ್ನು ಬಿಟ್ಟು ಅರೆಹೊಟ್ಟೆಯಲ್ಲಿರುವವರಿಗೆ ಹಲವೊಮ್ಮೆ ತಿರುಗುಬಾಣವಾಗುತ್ತದೆ: ಪಿಷ್ಟ ಕಡಿಮೆ ತಿಂದ ದೇಹಕ್ಕೆ ಏಕಾಏಕಿ ಬಂದ ಗ್ಲೂಕೋಸನ್ನು ನಿಭಾಯಿಸುವುದು ಕಷ್ಟವಾಗಿ ಅಂಕಿ ಮೇಲೇರುತ್ತದೆ. ದಿನಕ್ಕೆ 150 ಗ್ರಾಂನಷ್ಟಾದರೂ ಕಾರ್ಬೋಹೈಡ್ರೇಟ್ ಹೊಟ್ಟೆ ಸೇರಿರಬೇಕೆಂಬ ನಿಯಮವಿರುವುದು ಈ ಕಾರಣಕ್ಕೆ.

ಹಿಂದಿನ ರಾತ್ರಿ

ಖಾಲಿ ಹೊಟ್ಟೆ ಎಂದರೆ ಕನಿಷ್ಠ 8 ಗಂಟೆ, ಹೆಚ್ಚೆಂದರೆ 14 ಗಂಟೆ. ನೀರು ಕುಡಿಯಬಹುದು, ಕುಡಿಯಬೇಕು ಕೂಡ. ನೀರು ಸಾಲದಿದ್ದರೆ ರಕ್ತನಾಳ ಸಿಗದೆ ಸೂಜಿ ಎರಡು ಸಲ ಚುಚ್ಚಿಸಿಕೊಳ್ಳಬೇಕಾದೀತು. ಹಾಲು, ಚಹಾ, ಕಾಫಿ, ಹಣ್ಣಿನ ರಸ, ಚ್ಯೂಯಿಂಗ್ ಗಮ್ ಯಾವುದೂ ಬೇಡ. ದಿನವೂ ನುಂಗುವ ಮಾತ್ರೆಗಳನ್ನು ಬೆಳಿಗ್ಗೆ ತೆಗೆದುಕೊಳ್ಳಬೇಕೋ ಪರೀಕ್ಷೆಯಾದ ಮೇಲೋ ಎಂಬುದನ್ನು ವೈದ್ಯರನ್ನೇ ಕೇಳಬೇಕು. ತುಂಬು ಗರ್ಭಿಣಿಗೆ ದೀರ್ಘ ಉಪವಾಸ ಉಳಿದವರಿಗಿಂತ ಬೇಗ ನಿತ್ರಾಣ ತರುವುದರಿಂದ ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯಿರಿ.

ಲ್ಯಾಬಿನಲ್ಲಿ

ಮೊದಲು ಖಾಲಿ ಹೊಟ್ಟೆಯ ರಕ್ತ. ತೋಳಿನ ರಕ್ತನಾಳದಿಂದ ತೆಗೆದ ರಕ್ತವನ್ನು ಸಾಮಾನ್ಯವಾಗಿ ಬೂದು ಬಣ್ಣದ ಮುಚ್ಚಳದ ಕೊಳವೆಗೆ ತುಂಬುತ್ತಾರೆ. ಅದರಲ್ಲಿ ಫ್ಲೋರೈಡ್ ಇರುತ್ತದೆ. ಕೊಳವೆ ಸೇರಿದ ಮೇಲೂ ರಕ್ತಕಣಗಳು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ, ಹಾಗೇ ಬಿಟ್ಟರೆ ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ. ಫ್ಲೋರೈಡ್ ಇದನ್ನು ತಡೆಯುತ್ತದಾದರೂ ಪೂರ್ಣ ಪರಿಣಾಮಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ. ಮಿತಿಯ ಅಂಚಿನಲ್ಲಿರುವ 93ರ ಅಂಕಿ ಮೇಜಿನ ಮೇಲೆ ಬಿದ್ದಿದ್ದ ಕೊಳವೆಯಲ್ಲಿ 88 ಆಗಿ, ಇರುವ ಕಾಯಿಲೆ ಇಲ್ಲವೆಂದು ವರದಿಯಾಗಬಹುದು. ಮಾದರಿಯನ್ನು ಅಲ್ಲೇ ಪರೀಕ್ಷಿಸುತ್ತಾರೋ ಬೇರೆಡೆ ಕಳುಹಿಸುತ್ತಾರೋ, ಕಳುಹಿಸುವುದಾದರೆ ತಣ್ಣಗಿಟ್ಟು ಒಯ್ಯುತ್ತಾರೋ ಎಂದು ಕೇಳುವುದರಲ್ಲಿ ಸಂಕೋಚವೇಕೆ? ಬೆರಳ ತುದಿಯ ಹನಿಯಿಂದ ನೋಡುವ ಗ್ಲೂಕೋಮೀಟರ್ ಮುಂದಿನ ನಿಗಾಕ್ಕೆ ಅನುಕೂಲ, ಆದರೆ ಈ ಪರೀಕ್ಷೆಯ ತೀರ್ಮಾನಕ್ಕೆ ಸಿಗುವ ಕಡೆಯೆಲ್ಲ ಲ್ಯಾಬಿನ ಅಳತೆಯೇ ಬೇಕು.

ಅನಂತರ 250ರಿಂದ 300 ಮಿಲಿಲೀಟರ್ ನೀರಿನಲ್ಲಿ ಕದಡಿದ ಗ್ಲೂಕೋಸನ್ನು 5 ನಿಮಿಷದೊಳಗೆ ಕುಡಿಯಬೇಕು. ಒಂದೇ ಗುಟುಕಿಗೆ ಇಳಿಸಿದರೆ ಓಕರಿಕೆ ಬರುವುದು ಖಂಡಿತ ಎನ್ನುವಷ್ಟು ಸಿಹಿ ಅದು. ನಿಧಾನವಾಗಿ, ಆದರೆ ನಿಲ್ಲಿಸದೆ ಕುಡಿಯಿರಿ. ತಂಪಾಗಿದ್ದರೆ ಒಳಗಿಳಿಯುವುದು ಸುಲಭ. ಗಡಿಯಾರ ನೋಡಿಕೊಳ್ಳಬೇಕಾದದ್ದು ಈಗ: ಗಂಟೆಯ ಲೆಕ್ಕ ಮೊದಲ ಗುಟುಕಿನಿಂದ ಶುರುವಾಗುತ್ತದೆ, ಲೋಟ ಖಾಲಿಯಾದಾಗಿನಿಂದಲ್ಲ. 8 ಗಂಟೆ 10 ನಿಮಿಷಕ್ಕೆ ಕುಡಿಯಲಾರಂಭಿಸಿದ್ದರೆ ಮುಂದಿನ ರಕ್ತ 9 ಗಂಟೆ 10 ನಿಮಿಷಕ್ಕೆ, ಕೊನೆಯದು 10 ಗಂಟೆ 10 ನಿಮಿಷಕ್ಕೆ. ಈ ಹೊತ್ತನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಜನಸಂದಣಿಯಲ್ಲಿ ಸಿಬ್ಬಂದಿ ಮರೆತರೆ ತಾವೇ ಎದ್ದು ಹೋಗಿ ನೆನಪಿಸಬೇಕು.

ನಡುವಿನ ವೇಳೆಯಲ್ಲಿ ಕೂತೇ ಇರಬೇಕು. ಓಡಾಡಿದರೆ ಸ್ನಾಯುಗಳು ಗ್ಲೂಕೋಸನ್ನು ಬಳಸಿಕೊಂಡು ಅಂಕಿ ಇಳಿಯುತ್ತದೆ, ಆ ಇಳಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ. ಶೌಚಾಲಯಕ್ಕೆ ಹೋಗಿಬರಲು ಅಡ್ಡಿಯಿಲ್ಲ. ಬೆನ್ನಿಗೆ ಒರಗು ಇರುವ ಕುರ್ಚಿ ಕೇಳಿ. ತಲೆ ಸುತ್ತಿದರೆ ಎಡಮಗ್ಗುಲಿಗೆ ಮಲಗಲು ಜಾಗ ಕೊಡುವಂತೆ ಹೇಳಿ, ಅಂಗಾತ ಮಲಗಬೇಡಿ. ವಾಂತಿಯಾದರೆ ಮುಚ್ಚಿಡದೆ ತಿಳಿಸಬೇಕು: ಹೊರಬಿದ್ದ ಗ್ಲೂಕೋಸ್ ಲೆಕ್ಕ ತಪ್ಪಿಸುವುದರಿಂದ ಆ ದಿನದ ಪರೀಕ್ಷೆಯನ್ನು ಕೈಬಿಟ್ಟು ಬೇರೆ ದಿನ ಮಾಡಬೇಕಾಗುತ್ತದೆ ಅಥವಾ ಬೇರೆ ವಿಧಾನ ಹುಡುಕಬೇಕಾಗುತ್ತದೆ. ಕೊನೆಯ ಮಾದರಿ ಕೊಟ್ಟ ಮೇಲೆ ತಿನ್ನಲು ಏನಾದರೂ ಚೀಲದಲ್ಲಿರಲಿ.

ವರದಿಯನ್ನು ಓದುವುದು

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿಕೊಂಡ ಮಿತಿಗಳ ಪ್ರಕಾರ 75 ಗ್ರಾಂ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರಿಗೆ 92 ಮಿಲಿಗ್ರಾಂ, ಒಂದು ಗಂಟೆಗೆ 180, ಎರಡು ಗಂಟೆಗೆ 153. ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೂ ಗರ್ಭಾವಸ್ಥೆಯ ಮಧುಮೇಹವೆಂದೇ ಲೆಕ್ಕ. ವರದಿಯಲ್ಲಿ 89, 184, 140 ಎಂದಿದ್ದರೆ ಮೊದಲ ಮತ್ತು ಕೊನೆಯ ಅಂಕಿ ಸರಿಯಿದೆಯೆಂದು ಸಮಾಧಾನಪಡುವಂತಿಲ್ಲ, ನಡುವಿನದು ಮಿತಿ ದಾಟಿದೆ. 100 ಗ್ರಾಂ ಪರೀಕ್ಷೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಮಿತಿಗಳು ಖಾಲಿ ಹೊಟ್ಟೆಯಲ್ಲಿ 95, ಒಂದು, ಎರಡು, ಮೂರು ಗಂಟೆಗೆ ಕ್ರಮವಾಗಿ 180, 155, 140. ಅಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳು ಮೀರಿರಬೇಕು. ಒಂದು ಪರೀಕ್ಷೆಯ ಅಂಕಿಯನ್ನು ಇನ್ನೊಂದರ ಮಿತಿಗೆ ಹೋಲಿಸಬಾರದು. ಅಂಕಿಗಳು 5.1, 10.0, 8.5 ಎಂಬಂತೆ ಚಿಕ್ಕದಾಗಿದ್ದರೆ ಅದು ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿದರೆ ಮಿಲಿಗ್ರಾಂ ಸಿಗುತ್ತದೆ.

ಈ ಮಿತಿಗಳ ಹಿಂದೆ, 2008ರಲ್ಲಿ ಪ್ರಕಟವಾದ, ಒಂಬತ್ತು ದೇಶಗಳ ಸುಮಾರು 25 ಸಾವಿರ ಗರ್ಭಿಣಿಯರನ್ನು ಒಳಗೊಂಡ ಹ್ಯಾಪೋ ಅಧ್ಯಯನವಿದೆ. ತಾಯಿಯ ಸಕ್ಕರೆ ಏರಿದಂತೆ ಮಗುವಿನ ತೂಕ ಮತ್ತು ತೊಂದರೆಗಳ ಸಾಧ್ಯತೆ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತದೆ, ಒಂದು ಅಂಕಿಯ ಈಚೆ ಸುರಕ್ಷಿತ ಆಚೆ ಅಪಾಯ ಎಂಬ ಗೆರೆಯಿಲ್ಲ ಎಂದು ಅದು ತೋರಿಸಿತು. ಆ ಗರ್ಭಿಣಿಯರನ್ನು ಪರೀಕ್ಷಿಸಿದ್ದು ಬಹುಪಾಲು 28ನೇ ವಾರದ ಆಸುಪಾಸಿನಲ್ಲಿ. 34ನೇ ವಾರಕ್ಕೆಂದೇ ಒಪ್ಪಿತವಾದ ಬೇರೆ ಮಿತಿಗಳಿಲ್ಲದ ಕಾರಣ ತಡವಾದ ಪರೀಕ್ಷೆಗೂ ಇವನ್ನೇ ಬಳಸುತ್ತಾರೆ. ಹಾಗಾಗಿ ಗಡಿಯಲ್ಲಿರುವ ಅಂಕಿಯನ್ನು ಸ್ಕ್ಯಾನಿಂಗ್ ವರದಿಯ ಜೊತೆಗಿಟ್ಟು ನೋಡುವ ವೈದ್ಯರ ವಿವೇಚನೆಗೆ ಇಲ್ಲಿ ಹೆಚ್ಚು ಬೆಲೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಮಾತು ಬೇರೆ. ಗರ್ಭಕ್ಕೆ ಮುಂಚೆಯೇ ಮಧುಮೇಹವಿದ್ದು ಗೊತ್ತಾಗದೆ ಉಳಿದಿತ್ತೇ ಎಂದು ಯೋಚಿಸಿ, ಚಿಕಿತ್ಸೆಯನ್ನು ತಡಮಾಡದೆ ಆರಂಭಿಸುತ್ತಾರೆ.

ಹೆಚ್ಚು ಬಂದರೆ

ಅಂದಿನಿಂದಲೇ ಗ್ಲೂಕೋಮೀಟರ್ ಬೇಕು. ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾದ ಒಂದು ಗಂಟೆಗೆ 140ಕ್ಕಿಂತ ಕಡಿಮೆ ಅಥವಾ ಎರಡು ಗಂಟೆಗೆ 120ಕ್ಕಿಂತ ಕಡಿಮೆ ಎಂಬುದು ಸಾಮಾನ್ಯ ಗುರಿ. ಪಿಷ್ಟದ ಆಹಾರವನ್ನು ಒಂದೇ ಊಟಕ್ಕೆ ಸುರಿಯದೆ ದಿನವಿಡೀ ಹಂಚುವುದು ಮತ್ತು ವೈದ್ಯರು ಬೇಡವೆನ್ನದಿದ್ದರೆ ಊಟದ ನಂತರ ಸ್ವಲ್ಪ ನಡೆಯುವುದು, ಇಷ್ಟರಲ್ಲೇ ಬಹಳ ಮಂದಿಗೆ ಹತೋಟಿ ಸಿಗುತ್ತದೆ. 26ನೇ ವಾರದಲ್ಲಿ ಗೊತ್ತಾದವರಿಗೆ ಊಟ ಬದಲಿಸಿ ಒಂದೆರಡು ವಾರ ಕಾದು ನೋಡಲು ಅವಕಾಶವಿರುತ್ತದೆ. 35ನೇ ವಾರದಲ್ಲಿ ಗೊತ್ತಾದವರಿಗೆ ಅಷ್ಟು ಪುರುಸೊತ್ತಿಲ್ಲ, ವೈದ್ಯರು ಕೆಲವೇ ದಿನಗಳ ಅಂಕಿ ನೋಡಿ ಇನ್ಸುಲಿನ್ ಆರಂಭಿಸಬಹುದು. ಇನ್ಸುಲಿನ್ ಮಾಸನ್ನು ದಾಟಿ ಮಗುವನ್ನು ಮುಟ್ಟುವುದಿಲ್ಲ. ಮಾಸನ್ನು ದಾಟುವುದು ಗ್ಲೂಕೋಸ್, ಮತ್ತು ತೊಂದರೆಯ ಮೂಲವೂ ಅದೇ: ತಾಯಿಯಿಂದ ಬಂದ ಹೆಚ್ಚಿನ ಗ್ಲೂಕೋಸಿಗೆ ಮಗುವಿನ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸ್ರವಿಸಿ, ಮೈಯಲ್ಲಿ, ಅದರಲ್ಲೂ ಹೊಟ್ಟೆ ಮತ್ತು ಭುಜಗಳಲ್ಲಿ, ಕೊಬ್ಬು ಸೇರುತ್ತದೆ. ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಅಪಾಯ ಹೆಚ್ಚುವುದು ಹೀಗೆ.

ಮಧುಮೇಹವೆಂದ ಕೂಡಲೇ ಸಿಸೇರಿಯನ್ ಎಂದು ಭಾವಿಸಬೇಕಿಲ್ಲ. ಊಟದಲ್ಲೇ ಹತೋಟಿಗೆ ಬಂದವರು ಸಹಜ ನೋವಿಗಾಗಿ ಕಾಯಬಹುದು, ಆದರೆ ಸಾಮಾನ್ಯವಾಗಿ 41 ವಾರ ತುಂಬಲು ಬಿಡುವುದಿಲ್ಲ. ಔಷಧಿ ಬೇಕಾದವರಿಗೆ 39ನೇ ವಾರದ ಸುಮಾರಿಗೆ ದಿನ ಗೊತ್ತುಮಾಡುವುದುಂಟು. ಮಗುವಿನ ಅಂದಾಜು ತೂಕ 4.5 ಕಿಲೋ ಮುಟ್ಟಿದಾಗ ಸಿಸೇರಿಯನ್ ಮಾತು ಬರುತ್ತದೆ. ಕೊನೆಯ ತಿಂಗಳ ಸ್ಕ್ಯಾನಿಂಗ್‌ನ ತೂಕ ಅಂದಾಜೇ ಹೊರತು ತಕ್ಕಡಿಯ ತೂಕವಲ್ಲ, ಶೇ 10ರಿಂದ 15ರಷ್ಟು ಹೆಚ್ಚುಕಡಿಮೆ ಆಗಬಹುದು ಎಂಬುದನ್ನು ಆ ಚರ್ಚೆಯಲ್ಲಿ ನೆನಪಿಡಬೇಕು.

ಹುಟ್ಟಿದ ಮಗುವಿಗೆ ತಾಯಿಯ ಗ್ಲೂಕೋಸಿನ ಹರಿವು ಹಠಾತ್ತನೆ ನಿಲ್ಲುತ್ತದೆ, ಅದರ ಇನ್ಸುಲಿನ್ ಮಾತ್ರ ಹೆಚ್ಚಾಗಿಯೇ ಇರುತ್ತದೆ. ಆದ್ದರಿಂದ ಮೊದಲ ಗಂಟೆಗಳಲ್ಲಿ ಮಗುವಿನ ಸಕ್ಕರೆ ಕುಸಿಯಬಹುದು. ಹಿಮ್ಮಡಿಯಿಂದ ಒಂದೊಂದು ಹನಿ ರಕ್ತ ತೆಗೆದು ನೋಡುತ್ತಾರೆ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಲು ಹೇಳುತ್ತಾರೆ. ತಾಯಿಗೆ ಮಧುಮೇಹವಿರುವುದು ಗೊತ್ತಿಲ್ಲದ ಹೆರಿಗೆ ಕೋಣೆಯಲ್ಲಿ ಈ ನಿಗಾ ತಪ್ಪಿಹೋಗಬಹುದು. 36ನೇ ವಾರದಲ್ಲಿ ಗೊತ್ತಾದರೂ ಪರೀಕ್ಷೆ ವ್ಯರ್ಥವಲ್ಲ ಎನ್ನಲು ಇದೊಂದೇ ಕಾರಣ ಸಾಕೆಂದು ನನ್ನ ಅನಿಸಿಕೆ. ವರದಿಯ ಪ್ರತಿಯನ್ನು ಹೆರಿಗೆಗೆ ಒಯ್ಯುವ ಚೀಲದಲ್ಲೇ ಇಟ್ಟಿರಬೇಕು.

ಸರಿಯಿದೆ ಎಂದು ಬಂದರೆ

ಊಟ, ನಡಿಗೆ, ತಪಾಸಣೆ ಎಂದಿನಂತೆ ಮುಂದುವರಿಯಲಿ. ಮಗು ದೊಡ್ಡದೆಂಬ ಕಾರಣಕ್ಕೆ ಪರೀಕ್ಷೆ ಮಾಡಿಸಿದ್ದರೆ, ಆ ಬೆಳವಣಿಗೆಯ ಮೇಲೆ ಕಣ್ಣಿಡುವ ಸ್ಕ್ಯಾನಿಂಗ್ ಮತ್ತೆ ಯಾವಾಗ ಎಂದು ಮಾತ್ರ ಕೇಳಿ.

ಹೆರಿಗೆಯ ನಂತರದ ಪರೀಕ್ಷೆ

ಮಾಸು ಹೊರಬಂದೊಡನೆ ಬಹುತೇಕರ ಸಕ್ಕರೆ ಮೊದಲಿನಂತಾಗುತ್ತದೆ, ಇನ್ಸುಲಿನ್ ನಿಲ್ಲಿಸುತ್ತಾರೆ. ಆದರೆ ಹೆರಿಗೆಯಾಗಿ 4ರಿಂದ 12 ವಾರದೊಳಗೆ 75 ಗ್ರಾಂ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು. ಈ ಸಲ ನೋಡುವುದು ಗರ್ಭಿಣಿಯರಲ್ಲದವರ ಮಿತಿಗಳನ್ನು: ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಮಧುಮೇಹ, ಎರಡು ಗಂಟೆಯ ಅಂಕಿ 140ರಿಂದ 199ರ ನಡುವಿದ್ದರೆ ಅದರ ಹೊಸ್ತಿಲು. ಗರ್ಭಾವಸ್ಥೆಯಲ್ಲಿ ಮಧುಮೇಹ ಕಂಡವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚಾದ್ದರಿಂದ ಒಂದರಿಂದ ಮೂರು ವರ್ಷಕ್ಕೊಮ್ಮೆ ರಕ್ತ ನೋಡಿಸುತ್ತಿರಬೇಕು. ಬಾಣಂತನದ ನಿದ್ದೆಗೇಡಿನಲ್ಲಿ ತಾಯಿಯ ಪರೀಕ್ಷೆ ಯಾರಿಗೂ ನೆನಪಿರುವುದಿಲ್ಲ. ಮಗುವಿನ ಲಸಿಕೆಗೆ ಹೋಗುವ ದಿನಕ್ಕೇ ಇದನ್ನೂ ಹೊಂದಿಸಿ ಬರೆಸಿಕೊಂಡರೆ, ಒಂದೇ ಓಡಾಟದಲ್ಲಿ ಎರಡೂ ಮುಗಿಯುತ್ತವೆ.