ಔಷಧ ಉಗ್ರಾಣದಲ್ಲಿ ಖಾಲಿ ದಿನಗಳ ಲೆಕ್ಕ: ನನ್ನ ಅನುಭವ

ಮಲೆನಾಡಿನ ಸೆರಗಿನಲ್ಲಿರುವ ಒಂದು ತಾಲ್ಲೂಕು ಆಸ್ಪತ್ರೆಗೆ ಫಾರ್ಮಸಿ ಅಧಿಕಾರಿಯಾಗಿ ಹೋದ ದಿನ, ನನಗಿಂತ ಮೊದಲಿದ್ದವರು ಬೀಗದ ಕೈ ಮತ್ತು ದಾಸ್ತಾನು ವಹಿಯ ಜೊತೆಗೆ ಅವಧಿ ಮುಗಿದ ಔಷಧಗಳ ಹನ್ನೊಂದು ರಟ್ಟಿನ ಪೆಟ್ಟಿಗೆಗಳನ್ನೂ ಒಪ್ಪಿಸಿದರು. ಅದೇ ವಾರ ಹೊರರೋಗಿಗಳ ಕಿಟಕಿಯಲ್ಲಿ ನಿಂತು, ಬಿಪಿ ಮಾತ್ರೆ ಇಲ್ಲವೆಂದು ನಲವತ್ತಕ್ಕೂ ಹೆಚ್ಚು ಜನರಿಗೆ ಹೇಳಿ ಕಳುಹಿಸಿದೆ. ಒಳಗೆ ಔಷಧ ಕೆಡುವುದು, ಹೊರಗೆ ಔಷಧ ಸಿಗದಿರುವುದು ಇವೆರಡೂ ಬೇರೆ ಬೇರೆ ರೋಗಗಳೆಂದು ಸುಮಾರು ಒಂದು ವರ್ಷ ನಂಬಿದ್ದೆ. ಮೊದಲನೆಯದಕ್ಕೆ ಅಸಡ್ಡೆ ಕಾರಣ, ಎರಡನೆಯದಕ್ಕೆ ಮೇಲಿನವರು ಕಳುಹಿಸದಿರುವುದು ಕಾರಣ ಎಂಬುದು ಉಗ್ರಾಣ ನೋಡಿಕೊಳ್ಳುವ ಬಹುತೇಕರ ನಂಬಿಕೆಯೂ ಹೌದು.

ನಮ್ಮಲ್ಲಿ ಔಷಧದ ಹಾದಿ ಹೀಗಿದೆ. ಪ್ರತಿ ಆಸ್ಪತ್ರೆಯೂ ವರ್ಷಕ್ಕೆ ಬೇಕಾದ ಪ್ರಮಾಣವನ್ನು ಇಂಡೆಂಟ್ ಆಗಿ ಬರೆದು ಕಳುಹಿಸುತ್ತದೆ, ಅವೆಲ್ಲವನ್ನೂ ಕೂಡಿಸಿ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವು ಟೆಂಡರ್ ಕರೆಯುತ್ತದೆ, ಬಂದ ಸರಕು ಜಿಲ್ಲಾ ಉಗ್ರಾಣಕ್ಕೆ ಇಳಿದು ಅಲ್ಲಿಂದ ನಮಗೆ ಹಂಚಿಕೆಯಾಗುತ್ತದೆ. ಹಾಗಾಗಿ ಒಂದು ಮಧ್ಯಾಹ್ನ ಅವಸರದಲ್ಲಿ ಬರೆದ ಸಂಖ್ಯೆ ತಿಂಗಳುಗಟ್ಟಲೆ ಕಳೆದ ಮೇಲೆ ಪೆಟ್ಟಿಗೆಗಳ ರೂಪದಲ್ಲಿ ಎದುರು ಬಂದು ನಿಲ್ಲುತ್ತದೆ. ಆ ಸಂಖ್ಯೆಯನ್ನು ನಾವು ಬರೆಯುತ್ತಿದ್ದುದು ಹಿಂದಿನ ವರ್ಷ ವಿತರಿಸಿದ ಪ್ರಮಾಣವನ್ನು ನೋಡಿ, ಅದಕ್ಕೆ ಶೇಕಡಾ 10 ಸೇರಿಸಿ.

ತಪ್ಪು ಅಲ್ಲಿಯೇ ಇತ್ತು. ದಾಸ್ತಾನು ವಹಿಯಲ್ಲಿ ಅಮ್ಲೋಡಿಪಿನ್ 5 ಮಿಲಿಗ್ರಾಂ ಎಂಬ ಬಿಪಿ ಮಾತ್ರೆಯ ಪುಟವನ್ನೇ ತೆಗೆದುಕೊಳ್ಳೋಣ. ವರ್ಷದಲ್ಲಿ 1,08,000 ಮಾತ್ರೆಗಳನ್ನು ಕೊಟ್ಟಿದ್ದೆವು, ಅಂದರೆ ಹನ್ನೆರಡು ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 9,000. ಆದರೆ ಅದೇ ಪುಟದ ‘ಉಳಿಕೆ’ ಕಾಲಮ್ಮಿನಲ್ಲಿ ಎರಡು ಕಡೆ ಸೊನ್ನೆಗಳ ಸಾಲು ಇತ್ತು. ಒಮ್ಮೆ 40 ದಿನ, ಇನ್ನೊಮ್ಮೆ 51 ದಿನ. ಮಾತ್ರೆಯೇ ಇಲ್ಲದ ಆ ಮೂರು ತಿಂಗಳನ್ನೂ ಯಾರಿಗೂ ಮಾತ್ರೆ ಬೇಡವಾಗಿದ್ದ ತಿಂಗಳುಗಳಂತೆ ನಾವು ಎಣಿಸುತ್ತಿದ್ದೆವು. ಮಾತ್ರೆ ಇದ್ದ ಒಂಬತ್ತು ತಿಂಗಳಿಗೆ ಭಾಗಿಸಿದಾಗ ತಿಂಗಳಿಗೆ 12,000, ವರ್ಷಕ್ಕೆ 1,44,000 ಆಯಿತು. ಶೇಕಡಾ 10 ಸೇರಿಸಿದರೂ ನಮ್ಮ ಹಳೆಯ ಕ್ರಮದಲ್ಲಿ 1,18,800 ಮಾತ್ರ ಬರುತ್ತಿತ್ತು, ಮುಂದಿನ ವರ್ಷವೂ ಎರಡು ತಿಂಗಳು ಕಿಟಕಿ ಖಾಲಿ ಎಂಬುದನ್ನು ನಾವೇ ಸಹಿ ಹಾಕಿ ಕಳುಹಿಸುತ್ತಿದ್ದೆವು. ಹೊಸ ಸಂಖ್ಯೆಯ ಬಗ್ಗೆಯೂ ನನಗೆ ಅನುಮಾನವಿದ್ದುದರಿಂದ ಬಿಪಿ-ಶುಗರ್ ಕ್ಲಿನಿಕ್ಕಿನ ದಾಖಲೆಯನ್ನು ತರಿಸಿ ಎಣಿಸಿದೆ: ಈ ಮಾತ್ರೆ ತೆಗೆದುಕೊಳ್ಳುವವರು 370 ಜನ, ಅವರಲ್ಲಿ ಐವತ್ತು ಜನಕ್ಕೆ ದಿನಕ್ಕೆ ಎರಡು. ತಿಂಗಳಿಗೆ 12,600 ಮಾತ್ರೆ. ತಪ್ಪಿಸಿಕೊಳ್ಳುವವರನ್ನು ಬಿಟ್ಟರೆ ಎರಡು ಲೆಕ್ಕಗಳೂ ತಾಳೆಯಾಗುತ್ತಿದ್ದವು.

ಹಾಗಾದರೆ ಆ ಹನ್ನೊಂದು ಪೆಟ್ಟಿಗೆಗಳು? ಅವುಗಳಲ್ಲಿ ನಾಲ್ಕರ ತುಂಬ ಇದ್ದುದು ಬಿಪಿಯದೇ ಇನ್ನೊಂದು ಮಾತ್ರೆ, ಅಟೆನೊಲಾಲ್. ಅಮ್ಲೋಡಿಪಿನ್ ಇಲ್ಲದ ತಿಂಗಳುಗಳಲ್ಲಿ ವೈದ್ಯರು ರೋಗಿಯನ್ನು ಬರಿಗೈಯಲ್ಲಿ ಕಳುಹಿಸಲಾಗದೆ, ಉಗ್ರಾಣದಲ್ಲಿದ್ದ ಅಟೆನೊಲಾಲನ್ನು ಬರೆದಿದ್ದರು. ಆ ಏರಿಕೆಯನ್ನು ನಿಜವಾದ ಬೇಡಿಕೆಯೆಂದು ತಿಳಿದು ಮುಂದಿನ ಇಂಡೆಂಟಿನಲ್ಲಿ ಅಟೆನೊಲಾಲ್ ಹೆಚ್ಚಿಸಲಾಗಿತ್ತು. ಅದು ಬಂದು ಇಳಿಯುವ ಹೊತ್ತಿಗೆ ಅಮ್ಲೋಡಿಪಿನ್ ಕೂಡ ಬಂದಿತ್ತು, ಅಟೆನೊಲಾಲನ್ನು ಯಾರೂ ಬರೆಯಲಿಲ್ಲ. ಒಂದು ಮಾತ್ರೆಯ ಕೊರತೆಯೇ ಇನ್ನೊಂದು ಮಾತ್ರೆಯ ಎಕ್ಸ್‌ಪೈರಿಯಾಗಿತ್ತು.

ಅಂದಿನಿಂದ ಕಿಟಕಿಯ ಪಕ್ಕ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ದಾರ ಕಟ್ಟಿ ನೇತುಹಾಕಿದೆ. ಚೀಟಿಯಲ್ಲಿ ಬರೆದಿದ್ದರೂ ನಾವು ಕೊಡಲಾಗದ ಔಷಧ, ಪ್ರಮಾಣ, ದಿನಾಂಕ, ಬದಲಿಗೆ ಕೊಟ್ಟದ್ದು ಏನು, ಇಷ್ಟನ್ನು ಮಾತ್ರ ಅದರಲ್ಲಿ ಬರೆಯಬೇಕು. ಮೊದಲ ಎರಡು ತಿಂಗಳು ಅದು ಚೆನ್ನಾಗಿ ತುಂಬಿತು, ಆಮೇಲೆ ತಾನಾಗಿ ತೆಳುವಾಯಿತು. ಕೊರತೆ ಕಡಿಮೆಯಾಯಿತೆಂದು ಹಿಗ್ಗಿದ್ದೆ. ವಿಚಾರಿಸಿದರೆ, ಇಲ್ಲದ ಔಷಧವನ್ನು ಚೀಟಿಯಲ್ಲಿ ಬರೆಯುವುದನ್ನೇ ವೈದ್ಯರು ಬಿಟ್ಟಿದ್ದರು. ನಾನೇ ಪ್ರತಿ ಸೋಮವಾರ ‘ಇಂದು ಇಲ್ಲದವು’ ಎಂಬ ಪಟ್ಟಿಯನ್ನು ಅವರ ಮೇಜಿಗೆ ಕಳುಹಿಸುತ್ತಿದ್ದೆನಲ್ಲ! ಈಗಲೂ ಆ ಪಟ್ಟಿ ಹೋಗುತ್ತದೆ, ಆದರೆ ಬೇಕಾದದ್ದನ್ನು ಬರೆಯಿರಿ, ಬದಲಿಯನ್ನು ಅದರ ಕೆಳಗೆ ಬರೆಯಿರಿ ಎಂಬ ಕೋರಿಕೆಯೊಂದಿಗೆ. ಇಬ್ಬರು ಪಾಲಿಸುತ್ತಾರೆ, ಉಳಿದವರಿಗೆ ಪುರುಸೊತ್ತಿಲ್ಲ.

ಕಪಾಟಿನ ಶಿಸ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ಬಂದದ್ದಲ್ಲ, ಮೊದಲು ಅವಧಿ ಮುಗಿಯುವುದು ಮೊದಲು ಹೊರಹೋಗಬೇಕು. ಹೊಸ ಪೆಟ್ಟಿಗೆ ಹಿಂದಕ್ಕೆ, ಹಳೆಯದು ಮುಂದಕ್ಕೆ. ಆರು ತಿಂಗಳಿಗಿಂತ ಕಡಿಮೆ ಅವಧಿ ಉಳಿದ ಬ್ಯಾಚಿನ ಪೆಟ್ಟಿಗೆಗೆ ಕೆಂಪು ಕಾಗದ ಅಂಟಿಸಿ, ಅದರ ಪಟ್ಟಿಯನ್ನು ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳುಹಿಸುತ್ತೇವೆ.

ಲೆಕ್ಕ ಸರಿಯಿದ್ದೂ ಎಡವಿದ್ದು ಹಾವಿನ ವಿಷದ ಮದ್ದಿನಲ್ಲಿ. ನಾಟಿಯ ಕಾಲದ ಒಂದು ಜುಲೈ ರಾತ್ರಿ, ಗದ್ದೆಯ ಬದುವಿನಲ್ಲಿ ಕೊಳಕುಮಂಡಲ ಕಚ್ಚಿದ ಒಬ್ಬರನ್ನು ಕರೆತಂದರು. ಕಂಪ್ಯೂಟರಿನಲ್ಲಿ ‘ದಾಸ್ತಾನು ಇದೆ’ ಎಂದೇ ಇತ್ತು. ಇದ್ದುದು ಎಂಟು ವಯಲ್, ಅಂದರೆ ಮದ್ದಿನ ಎಂಟು ಪುಟ್ಟ ಶೀಸೆ. ಚಿಕಿತ್ಸೆ ಆರಂಭಿಸುವುದಕ್ಕೇ ಹತ್ತು ವಯಲ್ ಬೇಕು, ಮತ್ತೆ ಬೇಕಾಗುವುದೂ ಉಂಟು. ಎಂಟನ್ನು ಹಾಕಿ, ಹದಿನಾಲ್ಕು ಕಿಲೋಮೀಟರ್ ದೂರದ ಆರೋಗ್ಯ ಕೇಂದ್ರದಿಂದ ಉಳಿದವನ್ನು ಬೈಕಿನಲ್ಲಿ ತರಿಸಿ, ನಂತರ 108ರಲ್ಲಿ ಅವರನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು, ಬದುಕಿಕೊಂಡರು. ವಯಲ್‌ಗಳನ್ನು ಎಣಿಸುತ್ತಿದ್ದ ನಾನು ಆ ರಾತ್ರಿಯ ನಂತರ ರೋಗಿಗಳನ್ನು ಎಣಿಸತೊಡಗಿದೆ. ಈಗ ಮದ್ದನ್ನು ಹತ್ತು ಹತ್ತರ ಟ್ರೇಗಳಲ್ಲಿಯೇ ಇಡುತ್ತೇವೆ. ಪುಡಿಯನ್ನು ಕರಗಿಸಲು ಶುದ್ಧ ನೀರು, ಮದ್ದು ಮೈಗೆ ಒಗ್ಗದಿದ್ದರೆ ತಕ್ಷಣ ಕೊಡಲು ಅಡ್ರಿನಲಿನ್, ನಾಗರ ಮತ್ತು ಕಟ್ಟುಹಾವಿನ ಕಡಿತದಲ್ಲಿ ಬೇಕಾಗಬಹುದಾದ ನಿಯೋಸ್ಟಿಗ್ಮಿನ್ ಮತ್ತು ಅಟ್ರೊಪಿನ್, ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡಲು ಒಣಗಿದ ಗಾಜಿನ ನಳಿಕೆ ಅದೇ ಟ್ರೇಯಲ್ಲಿರುತ್ತವೆ. ಈ ನಳಿಕೆ ಹೊಸದೇ ಆಗಿರಬೇಕು. ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸಬಹುದು. ಎರಡು ರೂಪಾಯಿಯ ಸಾಮಾನಿನ ಇಂಡೆಂಟನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲವಾದ್ದರಿಂದ, ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ನಳಿಕೆಗಳನ್ನು ಸ್ಥಳೀಯವಾಗಿ ಕೊಳ್ಳುತ್ತೇವೆ.

2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ ಮೇಲೆ ನನ್ನ ಕೆಲಸ ಒಂದಿಷ್ಟು ಹಗುರವಾಗಿದೆ, ಏಕೆಂದರೆ ಇಂಡೆಂಟಿನ ಪಕ್ಕದಲ್ಲಿಡಲು ಪ್ರಕರಣಗಳ ಸಂಖ್ಯೆ ಈಗ ಕೈಯಲ್ಲಿದೆ. ಮೇ ಕೊನೆಯೊಳಗೆ ನಾಲ್ಕು ಟ್ರೇ ತುಂಬಿರಬೇಕೆಂಬುದು ನಾವು ಇಟ್ಟುಕೊಂಡ ನಿಯಮ. ಈ ವರ್ಷ ಮೂರು ತುಂಬಿವೆ. ನಾಲ್ಕನೆಯದರಲ್ಲಿ ಆರು ವಯಲ್ ಇವೆ. ಟ್ರೇಯ ಮೇಲೆ ‘ಅಪೂರ್ಣ’ ಎಂಬ ಚೀಟಿ ಅಂಟಿಸಿ, ದಾಸ್ತಾನಿನ ಲೆಕ್ಕದಲ್ಲಿ ಮೂರು ರೋಗಿಗಳಿಗೆ ಮಾತ್ರ ಎಂದು ಬರೆದಿದ್ದೇನೆ.