ಠುಸ್ ಟಾರ್ಪಿಡೊಗಳ ಜೊತೆ ನನ್ನ ಸಂಸಾರ

‘ಸೈಲೆಂಟ್ ಹಂಟರ್ 4’ 2007ರ ಆಟ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ತಕರಾರಿಲ್ಲದೆ ಓಡುವ ಕೆಲವೇ ಆಟಗಳಲ್ಲಿ ಒಂದು. ಎರಡನೇ ಮಹಾಯುದ್ಧದ ಪೆಸಿಫಿಕ್ ಸಾಗರ, ನಾವು ಅಮೆರಿಕದ ಸಬ್‌ಮರೀನ್ ಕ್ಯಾಪ್ಟನ್, ಎದುರಿಗೆ ಜಪಾನಿನ ಹಡಗುಗಳು. ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಇದೆ: ಟಾರ್ಪಿಡೊಗಳು (ನೀರೊಳಗೆ ಓಡಿಹೋಗಿ ಹಡಗನ್ನು ಸಿಡಿಸುವ ಅಸ್ತ್ರ) ಸಿಡಿಯದೆ ಠುಸ್ ಆಗಬೇಕೋ ಬೇಡವೋ. ವರ್ಷಗಟ್ಟಲೆ ಅದನ್ನು ಆಫ್ ಮಾಡಿಯೇ ಆಡಿದ್ದೆ. ಹೋದ ಮಳೆಗಾಲದಲ್ಲಿ ಆನ್ ಮಾಡಿದೆ.

ಮೊದಲ ಗಸ್ತಿನಲ್ಲೇ ಒಂದು ಸರಕು ಹಡಗು ಸಾವಿರ ಗಜ ದೂರದಲ್ಲಿ ಅಡ್ಡ ಬಂತು. ಅದರ ವೇಗ, ದೂರ, ಕೋನ ಎಲ್ಲ ಕೈಯಾರೆ ಲೆಕ್ಕ ಹಾಕಿ ಎರಡು ಟಾರ್ಪಿಡೊ ಬಿಟ್ಟೆ. 46 ನಾಟ್ (ಗಂಟೆಗೆ ಸುಮಾರು 85 ಕಿ.ಮೀ.) ವೇಗಕ್ಕೆ ಸುಮಾರು 39 ಸೆಕೆಂಡ್ ಸಾಕು. ನಲವತ್ತಾಯಿತು, ಐವತ್ತಾಯಿತು, ಹಡಗು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಲೆಕ್ಕ ತಪ್ಪಿರಬೇಕು ಅಂದುಕೊಂಡೆ. ಎರಡು ವಾರ ಇದೇ ಕಥೆ. ಪ್ರತಿ ಸಲವೂ ನನ್ನನ್ನೇ ಬೈದುಕೊಂಡೆ.

ಆಮೇಲೆ ಇತಿಹಾಸ ಓದಲು ಕೂತೆ. 1941ರ ಡಿಸೆಂಬರ್‌ನಲ್ಲಿ ‘ಸಾರ್ಗೊ’ ಸಬ್‌ಮರೀನಿನ ಕ್ಯಾಪ್ಟನ್ ಟೈರೆಲ್ ಜೇಕಬ್ಸ್ ಆರು ದಾಳಿಗಳಲ್ಲಿ 13 ಟಾರ್ಪಿಡೊ ಹಾರಿಸಿದ್ದರು. ಒಂದೇ ಒಂದು ಹಡಗೂ ಮುಳುಗಲಿಲ್ಲ. ಹೀಗೆ ದೂರು ಕೊಟ್ಟವರಿಗೆ ದಡದಲ್ಲಿದ್ದ ಅಧಿಕಾರಿಗಳಿಂದ ಬರುತ್ತಿದ್ದ ಉತ್ತರ: ನಿಮ್ಮ ಗುರಿ ಸರಿಯಿಲ್ಲ. ನಾನು ಆಟದಲ್ಲಿ ನನಗೇ ಹೇಳಿಕೊಂಡ ಮಾತು ಅದೇ ಅಲ್ವಾ!

ಮಾರ್ಕ್ 14 ಎಂಬ ಆ ಟಾರ್ಪಿಡೊದಲ್ಲಿ ದೋಷ ಒಂದಲ್ಲ, ಮೂರು. ಅದೂ ಒಂದರ ಹಿಂದೆ ಒಂದು ಅಡಗಿದ್ದವು. ಮೊದಲನೆಯದು, ಹೇಳಿದ್ದಕ್ಕಿಂತ ಆಳದಲ್ಲಿ ಓಡುವುದು. 1942ರ ಜೂನ್‌ನಲ್ಲಿ ಅಡ್ಮಿರಲ್ ಚಾರ್ಲ್ಸ್ ಲಾಕ್‌ವುಡ್ ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿಯಲ್ಲಿ ಮೀನಿನ ಬಲೆ ಕಟ್ಟಿಸಿ ಅದಕ್ಕೆ ಟಾರ್ಪಿಡೊ ಹೊಡೆಸಿದರು. 10 ಅಡಿಗೆ ಸೆಟ್ ಮಾಡಿದ್ದು 25 ಅಡಿ ಆಳದಲ್ಲಿ ಬಲೆ ಹರಿದಿತ್ತು. ಮೀನುಗಾರರ ಬಲೆಯಿಂದ ಇಂಥ ಕೆಲಸ ತೆಗೆದದ್ದು ನನಗೆ ಈಗಲೂ ತುಂಬ ಇಷ್ಟ. ಎರಡನೆಯದು, ಹಡಗಿನ ಕೆಳಗೆ ಹಾದುಹೋಗುವಾಗ ಅದರ ಕಾಂತಕ್ಷೇತ್ರ ಗುರುತಿಸಿ ಸಿಡಿಯಬೇಕಾದ ಸಾಧನ. ಅದು ಕೆಲವು ಸಲ ಹಡಗು ತಲುಪುವ ಮೊದಲೇ ಸಿಡಿಯುತ್ತಿತ್ತು, ಕೆಲವು ಸಲ ಸಿಡಿಯುತ್ತಲೇ ಇರಲಿಲ್ಲ. ಮೂರನೆಯದಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ಓದಿದ ಮೇಲೆ ಒಂದು ಪೇಚು. ಉತ್ತರ ಗೊತ್ತಿದ್ದು ಪರೀಕ್ಷೆ ಬರೆದ ಹಾಗಾಗುತ್ತದೆ. ಹಾಗಾಗಿ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡೆ: ನಿಜ ಯುದ್ಧದಲ್ಲಿ ಒಂದು ಪರಿಹಾರ ಜಾರಿಯಾದ ದಿನಾಂಕ ಆಟದ ಕ್ಯಾಲೆಂಡರ್‌ನಲ್ಲಿ ಬರುವ ತನಕ ಆ ಉಪಾಯ ಬಳಸುವಂತಿಲ್ಲ. 1942ರ ಆಗಸ್ಟ್ ದಾಟುವವರೆಗೆ ಆಳದಲ್ಲಿ 10 ಅಡಿ ಕಳೆಯಲಿಲ್ಲ. ಅಮೆರಿಕದ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ನಿಮಿಟ್ಜ್ ಕಾಂತದ ಸಾಧನ ಬಂದ್ ಮಾಡಲು ಆದೇಶ ಕೊಟ್ಟ 1943ರ ಜೂನ್ 24ರವರೆಗೆ ಅದನ್ನು ಮುಟ್ಟಲಿಲ್ಲ. ಸುಳ್ಳೇಕೆ, ಒಂದು ರಾತ್ರಿ ದೊಡ್ಡ ಟ್ಯಾಂಕರ್ ಸಿಕ್ಕಾಗ ಕದ್ದು ಆಫ್ ಮಾಡಿದೆ. ನಿಜವಾದ ಕ್ಯಾಪ್ಟನ್‌ಗಳಲ್ಲೂ ಕೆಲವರು ಹೀಗೆ ಮಾಡಿ ವರದಿಯಲ್ಲಿ ಮುಚ್ಚಿಟ್ಟಿದ್ದರಂತೆ.

ಜೊತೆಗೆ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಟಾರ್ಪಿಡೊಗೆ ಒಂದು ಸಾಲು: ಆಳ, ವೇಗ, ತಾಗಿದ ಕೋನ, ಏನಾಯಿತು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುತ್ತಿದ್ದೆ. ಆಳ ಸರಿಮಾಡಿದ ಮೇಲೆ ದಾರಿಯಲ್ಲೇ ಸಿಡಿಯುವುದು ಜಾಸ್ತಿ ಆಯಿತು. ಕಾಂತ ಬಂದ್ ಮಾಡಿದ ಮೇಲೆ ‘ಠಣ್’ ಅಂತ ತಾಗಿ ಸುಮ್ಮನಾಗುವುದು ಶುರುವಾಯಿತು.

ಇದೇ ಮೂರನೆಯದು. 1943ರ ಜುಲೈ 24ರಂದು ‘ಟಿನೋಸಾ’ ಸಬ್‌ಮರೀನಿನ ಕ್ಯಾಪ್ಟನ್ ಡ್ಯಾನ್ ಡ್ಯಾಸ್ಪಿಟ್ ‘ತೋನಾನ್ ಮಾರು 3’ ಎಂಬ ಭಾರೀ ಹಡಗಿನ ಮೇಲೆ 15 ಟಾರ್ಪಿಡೊ ಬಿಟ್ಟರು. ಎರಡು ಸಿಡಿದು ಹಡಗು ನಿಂತಿತು. ನಿಂತ ಹಡಗಿಗೆ ತೊಂಬತ್ತು ಡಿಗ್ರಿಯಲ್ಲಿ, ಪುಸ್ತಕದಲ್ಲಿದ್ದ ಹಾಗೆ, ಒಂದೊಂದಾಗಿ ಹೊಡೆದದ್ದೆಲ್ಲ ಠುಸ್. ನೇರ ಹೊಡೆತದ ರಭಸಕ್ಕೆ ಸಿಡಿಸುವ ಪಿನ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯಲ್ಲಿ ಟಾರ್ಪಿಡೊಗಳ ಸಿಡಿಯುವ ಮುಂಭಾಗಗಳನ್ನು 90 ಅಡಿ ಎತ್ತರದಿಂದ ಉಕ್ಕಿನ ಹಲಗೆ ಮೇಲೆ ಬೀಳಿಸಿ ನೋಡಿದರು. ನೇರವಾಗಿ ಬಿದ್ದ ಹತ್ತರಲ್ಲಿ ಏಳು ಕೆಲಸ ಮಾಡಲಿಲ್ಲ. ಓರೆಯಾಗಿ ಬಿದ್ದಾಗ ಪರವಾಗಿಲ್ಲ. ಅಂದರೆ ಗುರಿ ಸರಿಯಿದ್ದವನಿಗೇ ಮೋಸ.

ಆಟದಲ್ಲಿ ಇದಕ್ಕೆ ನನ್ನ ಮದ್ದು ಮೂರು. ಹಡಗಿನ ಹಿಂಬದಿಯಿಂದ ಓರೆಯಾಗಿ ಹೊಡೆಯುವುದು. ಹತ್ತಿರವಿದ್ದರೆ 31 ನಾಟ್‌ನ ನಿಧಾನ ವೇಗ. ಒಂದು ಹಡಗಿಗೆ ಕನಿಷ್ಠ ಮೂರು ಟಾರ್ಪಿಡೊ, ಜಿಪುಣತನ ಬೇಡ. ಓರೆ ಹೊಡೆತದಲ್ಲಿ ಗುರಿ ತಪ್ಪುವುದು ಹೆಚ್ಚು, ನಿಜ. ಆದರೂ ನನ್ನ ನೋಟ್‌ಬುಕ್‌ನಲ್ಲಿ ಮುಳುಗಿದ ಹಡಗುಗಳ ಮುಂದೆ ಬರೆದ ಕೋನಗಳು ಹೆಚ್ಚಾಗಿ ಓರೆಯವೇ.

ಡ್ಯಾಸ್ಪಿಟ್ ಕೊನೆಯ ಟಾರ್ಪಿಡೊವನ್ನು ಹಾರಿಸದೆ, ಬಿಚ್ಚಿ ನೋಡಲಿ ಎಂದು ಪರ್ಲ್ ಹಾರ್ಬರ್‌ಗೆ ವಾಪಸ್ ತಂದರು. ನಾನೂ ಆ ಜುಲೈ ಗಸ್ತಿನಲ್ಲಿ ಒಂದನ್ನು ಉಳಿಸಿಕೊಂಡು ಬಂದೆ. ಬಂದರಿನಲ್ಲಿ ಆಟ ಏನೂ ಕೇಳಲಿಲ್ಲ. ಟ್ಯೂಬುಗಳನ್ನೆಲ್ಲ ತುಂಬಿಸಿ, ಮುಂದಿನ ಗಸ್ತಿಗೆ ಕಳಿಸಿತು.